ವಿಷ್ಣು ನಾರಾಯಣ ಭಾತಖಂಡೆ

ಪಂಡಿತ್ ವಿಷ್ಣು ನಾರಾಯಣ ಭಾತಖಂಡೆ (ಆಗಸ್ಟ್ 10, 1860 – ಸೆಪ್ಟೆಂಬರ್ 19, 1936) ಅವರು ಹಿಂದೂಸ್ತಾನಿ ಸಂಗೀತದ ಪ್ರಮುಖ ಶಾಸ್ತ್ರಕಾರರು, ಗ್ರಂಥಕರ್ತರು ಹಾಗೂ ಸಂಗೀತ ಶಿಕ್ಷಣದ ಸುಧಾರಕರು. ಘರಾನೆಗಳ ಉಸ್ತಾದರಲ್ಲಿ ಮತ್ತು ಪಂಡಿತರಲ್ಲಿ ಕೇವಲ ಬಾಯಿಪಾಠವಾಗಿ ಉಳಿದುಬಂದಿದ್ದ ಬಂದಿಶ್‌ಗಳನ್ನು ಸಂಗ್ರಹಿಸಿ, ಸ್ವರಲಿಪಿಯಲ್ಲಿ ಬರೆದು, ಮುದ್ರಿಸಿ ಸಾಮಾನ್ಯ ವಿದ್ಯಾರ್ಥಿಗಳ ಕೈಗೆ ತಲುಪಿಸಿದವರಲ್ಲಿ ಇವರು ಅಗ್ರಗಣ್ಯರು. ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ವರ್ಗೀಕರಿಸುವ ಕ್ರಮ, ಇಂದು ಹೆಚ್ಚು ಬಳಕೆಯಲ್ಲಿರುವ ಸ್ವರಲಿಪಿ ಪದ್ಧತಿ ಮತ್ತು ಅಖಿಲ ಭಾರತ ಸಂಗೀತ ಸಮ್ಮೇಳನಗಳು ಇವರ ಮುಖ್ಯ ಕೊಡುಗೆಗಳಾಗಿವೆ. ವೃತ್ತಿಯಿಂದ ವಕೀಲರಾಗಿದ್ದ ಭಾತಖಂಡೆಯವರು ವೃತ್ತಿಯನ್ನು ತ್ಯಜಿಸಿ ಜೀವನದ ಉತ್ತರಾರ್ಧವನ್ನು ಸಂಗೀತದ ಅಧ್ಯಯನಕ್ಕೆ ಮೀಸಲಿಟ್ಟರು.

ಹಿನ್ನೆಲೆ

19ನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂದೂಸ್ತಾನಿ ಸಂಗೀತವು ಬಹುಮಟ್ಟಿಗೆ ರಾಜಾಸ್ಥಾನಗಳ ಆಶ್ರಯದಲ್ಲಿತ್ತು. ವಿದ್ಯೆಯು ತಂದೆಯಿಂದ ಮಗನಿಗೆ, ಗುರುವಿನಿಂದ ಆಯ್ದ ಶಿಷ್ಯನಿಗೆ ಬಾಯಿಂದ ಬಾಯಿಗೆ ಹರಿಯುತ್ತಿತ್ತು. ಅಪರೂಪದ ರಾಗಗಳನ್ನೂ ಹಳೆಯ ಬಂದಿಶ್‌ಗಳನ್ನೂ ಮನೆತನದ ಆಸ್ತಿಯೆಂದು ಭಾವಿಸಿ ಹೊರಗಿನವರಿಗೆ ಕಲಿಸಲು ಹಿಂಜರಿಯುವ ವಾಡಿಕೆಯಿತ್ತು. ಕಲಾವಿದನೊಬ್ಬ ಉತ್ತರಾಧಿಕಾರಿಗಳಿಲ್ಲದೆ ತೀರಿಕೊಂಡರೆ ಆತನೊಡನೆ ಅನೇಕ ರಚನೆಗಳೂ ಮರೆಯಾಗುತ್ತಿದ್ದವು.

ಇನ್ನೊಂದು ಕಡೆಯಲ್ಲಿ, ಸಂಸ್ಕೃತದ ಸಂಗೀತ ಗ್ರಂಥಗಳು ಮತ್ತು ವೇದಿಕೆಯ ಮೇಲಿನ ಗಾಯನ ಇವೆರಡರ ನಡುವಿನ ಸಂಬಂಧ ಕಡಿದುಹೋಗಿತ್ತು. ಗ್ರಂಥಗಳನ್ನು ಬಲ್ಲ ಪಂಡಿತರಿಗೆ ಹಾಡು ತಿಳಿದಿರಲಿಲ್ಲ. ಹಾಡಬಲ್ಲವರಿಗೆ ಗ್ರಂಥ ತಿಳಿದಿರಲಿಲ್ಲ. ಒಂದೇ ರಾಗವನ್ನು ಬೇರೆ ಬೇರೆ ಮನೆತನದವರು ಬೇರೆ ಬೇರೆ ಸ್ವರಗಳಲ್ಲಿ ಹಾಡುವುದು ಸಾಮಾನ್ಯವಾಗಿತ್ತು. ಯಾವುದು ಸರಿ ಎಂದು ನಿರ್ಣಯಿಸಲು ಎಲ್ಲರೂ ಒಪ್ಪುವ ಆಧಾರವಿರಲಿಲ್ಲ. ಈ ಎರಡು ಸಮಸ್ಯೆಗಳೇ ಭಾತಖಂಡೆಯವರ ಜೀವಮಾನದ ಕಾರ್ಯವನ್ನು ರೂಪಿಸಿದವು.

ಜನನ ಮತ್ತು ವಿದ್ಯಾಭ್ಯಾಸ

ಭಾತಖಂಡೆಯವರು 1860ರ ಆಗಸ್ಟ್ 10ರಂದು ಮುಂಬಯಿಯ ವಾಲಕೇಶ್ವರದಲ್ಲಿ ಮರಾಠಿ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಅಂದು ಗೋಕುಲಾಷ್ಟಮಿ. ತಂದೆ ಶ್ರೀಮಂತ ವರ್ತಕರೊಬ್ಬರಲ್ಲಿ ಉದ್ಯೋಗದಲ್ಲಿದ್ದರು. ಕುಟುಂಬದಲ್ಲಿ ವೃತ್ತಿಪರ ಸಂಗೀತಗಾರರಿಲ್ಲದಿದ್ದರೂ ಸಂಗೀತದಲ್ಲಿ ಆಸಕ್ತಿಯಿತ್ತು. ಬಾಲ್ಯದಲ್ಲಿಯೇ ಕೊಳಲನ್ನು ನುಡಿಸುತ್ತಿದ್ದ ವಿಷ್ಣು, ವಿದ್ಯಾರ್ಥಿಯಾಗಿದ್ದಾಗ ವಲ್ಲಭದಾಸ ದಾಮುಲ್‌ಜಿ ಅವರಲ್ಲಿ ಸಿತಾರ್ ಕಲಿತರು.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ಪದವೀಧರರಾದ ಅವರು, 1887ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. ಕೆಲಕಾಲ ಕರಾಚಿಯಲ್ಲಿ, ಅನಂತರ ಮುಂಬಯಿಯಲ್ಲಿ ವಕೀಲಿ ವೃತ್ತಿ ನಡೆಸಿದರು. ಸಾಕ್ಷ್ಯಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ, ಪ್ರಶ್ನೆ ಕೇಳಿ ಉತ್ತರವನ್ನು ದಾಖಲಿಸುವ ವಕೀಲರ ಕ್ರಮವು ಅವರ ಸಂಗೀತ ಸಂಶೋಧನೆಯಲ್ಲಿಯೂ ಎದ್ದು ಕಾಣುತ್ತದೆ.

ಗಾಯನ ಉತ್ತೇಜಕ ಮಂಡಳಿ

1884ರಲ್ಲಿ ಭಾತಖಂಡೆಯವರು ಮುಂಬಯಿಯ ಗಾಯನ ಉತ್ತೇಜಕ ಮಂಡಳಿಯ ಸದಸ್ಯರಾದರು. ಇದು ಪಾರ್ಸಿ ಸಮುದಾಯದ ಸಂಗೀತಾಸಕ್ತರು 1870ರಲ್ಲಿ ಸ್ಥಾಪಿಸಿದ ಸಂಸ್ಥೆ. ಇಲ್ಲಿ ಕಾರ್ಯಕ್ರಮಗಳ ಜೊತೆಗೆ ಪಾಠವೂ ನಡೆಯುತ್ತಿತ್ತು. ಮಂಡಳಿಯಲ್ಲಿ ಕಳೆದ ಸುಮಾರು ಆರು ವರ್ಷಗಳಲ್ಲಿ ರಾವಜಿಬುವಾ ಬೇಲಬಾಗಕರ್ ಅವರಿಂದ ಧ್ರುಪದ್ ರಚನೆಗಳನ್ನೂ, ಉಸ್ತಾದ್ ಅಲಿ ಹುಸೇನ್ ಮೊದಲಾದವರಿಂದ ಖ್ಯಾಲ್ ರಚನೆಗಳನ್ನೂ ಕಲಿತರು. ಮುಂಬಯಿಗೆ ಬರುತ್ತಿದ್ದ ಬೇರೆ ಬೇರೆ ಪ್ರಾಂತಗಳ ಕಲಾವಿದರನ್ನು ಕೇಳುವ ಮತ್ತು ಅವರೊಡನೆ ಚರ್ಚಿಸುವ ಅವಕಾಶ ಅವರಿಗೆ ಇಲ್ಲಿ ದೊರೆಯಿತು. ಕಲಿತದ್ದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸವೂ ಈ ಕಾಲದಲ್ಲಿಯೇ ಬೆಳೆಯಿತು. ಇದರೊಂದಿಗೆ ಸಂಸ್ಕೃತ, ಮರಾಠಿ, ಗುಜರಾತಿ, ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ದೊರೆಯುತ್ತಿದ್ದ ಸಂಗೀತ ಗ್ರಂಥಗಳನ್ನು ಅವರು ಓದತೊಡಗಿದರು.

1900ರಲ್ಲಿ ಅವರ ಪತ್ನಿ ತೀರಿಕೊಂಡರು. ಮೂರು ವರ್ಷಗಳ ಬಳಿಕ, 1903ರಲ್ಲಿ, ಮಗಳನ್ನೂ ಕಳೆದುಕೊಂಡರು. ಅನಂತರ ಭಾತಖಂಡೆಯವರು ವಕೀಲಿ ವೃತ್ತಿಯನ್ನು ಬಿಟ್ಟರು. ಮುಂದಿನ 30 ವರ್ಷಗಳ ಕಾಲ ಪ್ರವಾಸ, ಸಂಗ್ರಹ, ಬರವಣಿಗೆ ಮತ್ತು ಪಾಠಗಳೇ ಅವರ ಬದುಕಾದವು.

ಅಧ್ಯಯನ ಪ್ರವಾಸಗಳು

ಭಾತಖಂಡೆಯವರು ಸ್ವಂತ ಖರ್ಚಿನಲ್ಲಿ ದೇಶದ ನಾನಾ ಭಾಗಗಳನ್ನು ಸುತ್ತಿದರು. ಹೋಗುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಳ್ಳುತ್ತಿದ್ದರು. ಭೇಟಿಯಾದ ಪಂಡಿತರು ಮತ್ತು ಗಾಯಕರ ಉತ್ತರಗಳನ್ನು ದಿನಚರಿಯಲ್ಲಿ ದಾಖಲಿಸುತ್ತಿದ್ದರು.

- 1904ರ ದಕ್ಷಿಣ ಭಾರತ ಪ್ರವಾಸ: ಮದ್ರಾಸ್, ತಂಜಾವೂರು, ಮಧುರೈ, ಎಟ್ಟಯಪುರ ಮೊದಲಾದ ಸ್ಥಳಗಳಿಗೆ ಭೇಟಿ ನೀಡಿದರು. ಎಟ್ಟಯಪುರದಲ್ಲಿ ಮುತ್ತುಸ್ವಾಮಿ ದೀಕ್ಷಿತರ ವಂಶಸ್ಥರೂ ಸಂಗೀತ ಸಂಪ್ರದಾಯ ಪ್ರದರ್ಶಿನೀ ಗ್ರಂಥದ ಕರ್ತೃವೂ ಆದ ಸುಬ್ಬರಾಮ ದೀಕ್ಷಿತರನ್ನು ಕಂಡರು.
- 1907ರ ಪೂರ್ವ ಭಾರತ ಪ್ರವಾಸ: ನಾಗಪುರ, ಕಲಕತ್ತಾ, ಪುರಿ, ವಿಜಯನಗರಂ, ಹೈದರಾಬಾದ್ ಮೊದಲಾದೆಡೆ ಸಂಚರಿಸಿದರು.
- 1908ರ ಉತ್ತರ ಭಾರತ ಪ್ರವಾಸ: ಅಲಹಾಬಾದ್, ಬನಾರಸ್, ಲಖನೌ, ಆಗ್ರಾ, ಮಥುರಾ ಮೊದಲಾದ ಊರುಗಳ ವಿದ್ವಾಂಸರನ್ನೂ ಗಾಯಕರನ್ನೂ ಭೇಟಿಯಾದರು.

ದಕ್ಷಿಣದ ಪ್ರವಾಸ ಅವರ ಚಿಂತನೆಗೆ ತಿರುವು ನೀಡಿತು. ಕರ್ನಾಟಕ ಸಂಗೀತದಲ್ಲಿ ರಾಗಗಳನ್ನು 72 ಮೇಳಗಳ ಅಡಿಯಲ್ಲಿ ವ್ಯವಸ್ಥಿತವಾಗಿ ಜೋಡಿಸಿರುವುದನ್ನು ಅವರು ಹತ್ತಿರದಿಂದ ಕಂಡರು. 17ನೆಯ ಶತಮಾನದ ವೆಂಕಟಮಖಿಯ ಚತುರ್ದಂಡೀ ಪ್ರಕಾಶಿಕೆ ಹಾಗೂ 16ನೆಯ ಶತಮಾನದ ರಾಮಾಮಾತ್ಯನ ಸ್ವರಮೇಳಕಲಾನಿಧಿ ಗ್ರಂಥಗಳು ಅವರ ಅಧ್ಯಯನಕ್ಕೆ ದೊರೆತವು. ಉತ್ತರದ ಸಂಗೀತಕ್ಕೂ ಇಂತಹ ಒಂದು ವ್ಯವಸ್ಥೆ ಸಾಧ್ಯ ಎಂಬ ನಂಬಿಕೆ ಇದರಿಂದ ದೃಢವಾಯಿತು.

ಪ್ರವಾಸಗಳಲ್ಲಿ ನಿರಾಸೆಯೂ ಇತ್ತು. ಪ್ರಾಚೀನ ಗ್ರಂಥಗಳ ಹೆಸರು ಹೇಳುತ್ತಿದ್ದ ಅನೇಕರಿಗೆ ಆ ಗ್ರಂಥಗಳ ರಾಗಗಳನ್ನು ಹಾಡಿ ತೋರಿಸಲಾಗಲಿಲ್ಲ. ಭರತನ ನಾಟ್ಯಶಾಸ್ತ್ರ ಮತ್ತು ಶಾರ್ಙ್ಗದೇವನ ಸಂಗೀತರತ್ನಾಕರದ ಸಂಗೀತವು ಇಂದಿನ ಸಂಗೀತದೊಡನೆ ನೇರವಾಗಿ ಹೊಂದುವುದಿಲ್ಲವೆಂದೂ, ಈಗ ಹಾಡಲಾಗುವ ಹಿಂದೂಸ್ತಾನಿ ಸಂಗೀತವನ್ನು ವಿವರಿಸಲು ಕೆಲವೇ ಶತಮಾನಗಳ ಈಚಿನ ಗ್ರಂಥಗಳು ಹೆಚ್ಚು ಉಪಯುಕ್ತವೆಂದೂ ಅವರು ತೀರ್ಮಾನಿಸಿದರು. ಸಂಗೀತದ ಪ್ರಾಚೀನತೆಯನ್ನು ಕೊಂಡಾಡುತ್ತಿದ್ದ ಕಾಲದಲ್ಲಿ ಈ ನಿಲುವು ಅನೇಕರಿಗೆ ಅಪ್ರಿಯವಾಗಿತ್ತು.

ಬಂದಿಶ್‌ಗಳ ಸಂಗ್ರಹ

ಶಾಸ್ತ್ರವನ್ನು ಬಳಕೆಯಲ್ಲಿರುವ ಸಂಗೀತದ ಆಧಾರದಿಂದಲೇ ರಚಿಸಬೇಕು ಎಂಬುದು ಭಾತಖಂಡೆಯವರ ನಿಲುವಾಗಿತ್ತು. ಅದಕ್ಕಾಗಿ ಪರಂಪರೆಯ ರಚನೆಗಳನ್ನು ಆದಷ್ಟು ಹೆಚ್ಚು ಸಂಖ್ಯೆಯಲ್ಲಿ ಕಲೆಹಾಕಬೇಕಿತ್ತು. ಜಯಪುರದ ಮನರಂಗ ಪರಂಪರೆಯ ಮುಹಮ್ಮದ್ ಅಲಿ ಖಾನ್ ಮತ್ತು ಅವರ ಕುಟುಂಬದವರಿಂದ ಅವರು ನೂರಾರು ಬಂದಿಶ್‌ಗಳನ್ನು ಪಡೆದರು. ರಾಮಪುರದ ನವಾಬ ಹಮೀದ್ ಅಲಿ ಖಾನರ ಆಸ್ಥಾನದಲ್ಲಿ ತಾನಸೇನನ ವಂಶಪರಂಪರೆಯ ಉಸ್ತಾದ್ ವಜೀರ್ ಖಾನರ ಸಂಪರ್ಕ ದೊರೆಯಿತು. ಗ್ವಾಲಿಯರ್ ಪರಂಪರೆಯ ರಚನೆಗಳನ್ನು ಏಕನಾಥ ಪಂಡಿತರಿಂದ ಸಂಗ್ರಹಿಸಿದರು. ಕೆಲವು ರಚನೆಗಳನ್ನು ಫೋನೋಗ್ರಾಫ್ ಯಂತ್ರದಲ್ಲಿ ಧ್ವನಿಮುದ್ರಿಸಿಕೊಂಡು ಬಳಿಕ ಸ್ವರಲಿಪಿಗೆ ಇಳಿಸಿದರು.

ಮನೆತನದ ವಿದ್ಯೆಯನ್ನು ಹೊರಗಿನವರೊಬ್ಬರು ಬರೆದು ಅಚ್ಚುಹಾಕುವುದು ಆ ಕಾಲದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಅನೇಕ ಉಸ್ತಾದರಿಗೆ ಅದೇ ಜೀವನೋಪಾಯವಾಗಿತ್ತು. ಹೀಗಾಗಿ ಕೆಲವರು ಉದಾರವಾಗಿ ಕಲಿಸಿದರೆ, ಕೆಲವರು ನಿರಾಕರಿಸಿದರು.

ಗ್ರಂಥಗಳು

ಭಾತಖಂಡೆಯವರ ಪ್ರಮುಖ ಕೃತಿಗಳು ಇವು:

- ಶ್ರೀಮಲ್ಲಕ್ಷ್ಯಸಂಗೀತಮ್: ಸಂಸ್ಕೃತದ ಶ್ಲೋಕಗಳಲ್ಲಿ ರಚಿತವಾದ ಶಾಸ್ತ್ರಗ್ರಂಥ. 1909ರಲ್ಲಿ ಚತುರ ಪಂಡಿತ ಎಂಬ ಕಾವ್ಯನಾಮದಲ್ಲಿ ಪ್ರಕಟವಾಯಿತು. ಬಳಕೆಯಲ್ಲಿರುವ ಸಂಗೀತಕ್ಕೆ ಲಕ್ಷ್ಯ ಎಂದೂ, ಅದರ ನಿಯಮಗಳಿಗೆ ಲಕ್ಷಣ ಎಂದೂ ಹೆಸರು. ಬಳಕೆಗೇ ಪ್ರಾಧಾನ್ಯ ಎಂಬ ಅವರ ನಿಲುವನ್ನು ಗ್ರಂಥದ ಹೆಸರೇ ಸೂಚಿಸುತ್ತದೆ.
- ಹಿಂದುಸ್ಥಾನೀ ಸಂಗೀತ ಪದ್ಧತಿ: ಮರಾಠಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಬಂದ ವಿಸ್ತಾರವಾದ ವ್ಯಾಖ್ಯಾನ. ಗುರುಶಿಷ್ಯರ ಸಂಭಾಷಣೆಯ ರೂಪದಲ್ಲಿದೆ. ಇದನ್ನು ಬಳಿಕ ಹಿಂದಿಗೆ ಅನುವಾದಿಸಲಾಯಿತು.
- ಕ್ರಮಿಕ ಪುಸ್ತಕ ಮಾಲಿಕಾ: ಆರು ಭಾಗಗಳಲ್ಲಿ ಬಂದ ಬಂದಿಶ್‌ಗಳ ಸಂಕಲನ. ಸುಮಾರು 1800 ರಚನೆಗಳನ್ನು ಒಳಗೊಂಡಿದೆ. ಕೊನೆಯ ಭಾಗಗಳು ಅವರ ನಿಧನಾನಂತರ ಪ್ರಕಟವಾದವು.
- ಅಭಿನವರಾಗಮಂಜರೀ ಮತ್ತು ಅಭಿನವತಾಲಮಂಜರೀ: ರಾಗ ಮತ್ತು ತಾಳಗಳ ಲಕ್ಷಣಗಳನ್ನು ತಿಳಿಸುವ ಸಂಸ್ಕೃತ ಕೃತಿಗಳು.
- ಇಂಗ್ಲಿಷಿನಲ್ಲಿ ಬರೆದ ಎರಡು ಚಾರಿತ್ರಿಕ ಅಧ್ಯಯನಗಳು: ಒಂದು ಉತ್ತರ ಭಾರತದ ಸಂಗೀತದ ಸಂಕ್ಷಿಪ್ತ ಇತಿಹಾಸ, ಮತ್ತೊಂದು 15ರಿಂದ 18ನೆಯ ಶತಮಾನದವರೆಗಿನ ಪ್ರಮುಖ ಸಂಗೀತ ಪದ್ಧತಿಗಳ ತುಲನಾತ್ಮಕ ಅಧ್ಯಯನ.

ಇವುಗಳಲ್ಲದೆ ಅನೇಕ ಹಳೆಯ ಸಂಸ್ಕೃತ ಗ್ರಂಥಗಳನ್ನು ಅವರು ಸಂಪಾದಿಸಿ ಮುದ್ರಣಕ್ಕೆ ತಂದರು. ಚತುರ ಎಂಬ ಅಂಕಿತದಲ್ಲಿ ಲಕ್ಷಣಗೀತಗಳನ್ನೂ ರಚಿಸಿದರು. ರಾಗದ ಥಾಟ್, ಸ್ವರಗಳು, ವಾದಿ, ಹಾಡುವ ಸಮಯ ಮೊದಲಾದ ವಿವರಗಳೇ ಲಕ್ಷಣಗೀತದ ಸಾಹಿತ್ಯವಾಗಿರುತ್ತವೆ. ಹಾಡನ್ನು ಕಲಿತ ವಿದ್ಯಾರ್ಥಿಗೆ ರಾಗದ ನಿಯಮವೂ ಕಂಠಪಾಠವಾಗಲಿ ಎಂಬುದು ಇದರ ಉದ್ದೇಶ.

ಥಾಟ್ ಪದ್ಧತಿ

ಭಾತಖಂಡೆಯವರಿಗಿಂತ ಮೊದಲು ಉತ್ತರ ಭಾರತದಲ್ಲಿ ರಾಗಗಳನ್ನು ಪುರುಷ ರಾಗಗಳು, ಅವುಗಳ ಪತ್ನಿಯರಾದ ರಾಗಿಣಿಯರು ಮತ್ತು ಪುತ್ರರು ಎಂದು ವಿಂಗಡಿಸುವ ಕ್ರಮವಿತ್ತು. ಈ ವಿಂಗಡಣೆಯಲ್ಲಿ ಒಂದು ಕುಟುಂಬಕ್ಕೆ ಸೇರಿದ ರಾಗಗಳ ಸ್ವರಗಳಲ್ಲಿ ಹೋಲಿಕೆ ಇರಲೇಬೇಕೆಂಬ ನಿಯಮವಿರಲಿಲ್ಲ. ಭಾತಖಂಡೆಯವರು ಇದನ್ನು ಕೈಬಿಟ್ಟು ಸ್ವರಗಳ ಆಧಾರದ ಮೇಲೆ ವರ್ಗೀಕರಣ ಮಾಡಿದರು.

ಒಂದು ಸಪ್ತಕದಲ್ಲಿ 12 ಸ್ವರಸ್ಥಾನಗಳಿವೆ. ಷಡ್ಜ ಮತ್ತು ಪಂಚಮಗಳು ಅಚಲ ಸ್ವರಗಳು. ರಿಷಭ, ಗಾಂಧಾರ, ಧೈವತ, ನಿಷಾದಗಳಿಗೆ ಶುದ್ಧ ಮತ್ತು ಕೋಮಲ ಎಂಬ ಎರಡು ರೂಪಗಳು. ಮಧ್ಯಮಕ್ಕೆ ಶುದ್ಧ ಮತ್ತು ತೀವ್ರ ಎಂಬ ಎರಡು ರೂಪಗಳು. ಏಳು ಸ್ವರಗಳೂ ಕ್ರಮವಾಗಿ ಬರಬೇಕು, ಪ್ರತಿಯೊಂದು ಸ್ವರವೂ ಒಂದೇ ರೂಪದಲ್ಲಿರಬೇಕು ಎಂದು ನಿಯಮ ಮಾಡಿದರೆ ಒಟ್ಟು 32 ಮೇಳಗಳು ಸಾಧ್ಯವಾಗುತ್ತವೆ. ಬಳಕೆಯಲ್ಲಿದ್ದ ರಾಗಗಳಿಗೆ ಸಾಕಾಗುವಂತೆ ಭಾತಖಂಡೆಯವರು ಇವುಗಳಲ್ಲಿ ಹತ್ತನ್ನು ಆರಿಸಿಕೊಂಡರು. ಆ ಹತ್ತು ಥಾಟ್‌ಗಳೂ ಅವುಗಳಿಗೆ ಸಮಾನವಾದ ಕರ್ನಾಟಕ ಸಂಗೀತದ ಮೇಳಗಳೂ ಹೀಗಿವೆ:

- ಬಿಲಾವಲ್: ಎಲ್ಲ ಸ್ವರಗಳೂ ಶುದ್ಧ. ಸಮಾನ ಮೇಳ: ಧೀರಶಂಕರಾಭರಣ (29).
- ಕಲ್ಯಾಣ್: ಮಧ್ಯಮ ತೀವ್ರ. ಸಮಾನ ಮೇಳ: ಮೇಚಕಲ್ಯಾಣಿ (65).
- ಖಮಾಜ್: ನಿಷಾದ ಕೋಮಲ. ಸಮಾನ ಮೇಳ: ಹರಿಕಾಂಭೋಜಿ (28).
- ಭೈರವ್: ರಿಷಭ, ಧೈವತ ಕೋಮಲ. ಸಮಾನ ಮೇಳ: ಮಾಯಾಮಾಳವಗೌಳ (15).
- ಪೂರ್ವಿ: ರಿಷಭ, ಧೈವತ ಕೋಮಲ, ಮಧ್ಯಮ ತೀವ್ರ. ಸಮಾನ ಮೇಳ: ಕಾಮವರ್ಧಿನಿ (51).
- ಮಾರ್ವಾ: ರಿಷಭ ಕೋಮಲ, ಮಧ್ಯಮ ತೀವ್ರ. ಸಮಾನ ಮೇಳ: ಗಮನಶ್ರಮ (53).
- ಕಾಫಿ: ಗಾಂಧಾರ, ನಿಷಾದ ಕೋಮಲ. ಸಮಾನ ಮೇಳ: ಖರಹರಪ್ರಿಯ (22).
- ಆಸಾವರಿ: ಗಾಂಧಾರ, ಧೈವತ, ನಿಷಾದ ಕೋಮಲ. ಸಮಾನ ಮೇಳ: ನಠಭೈರವಿ (20).
- ಭೈರವಿ: ರಿಷಭ, ಗಾಂಧಾರ, ಧೈವತ, ನಿಷಾದ ಕೋಮಲ. ಸಮಾನ ಮೇಳ: ಹನುಮತೋಡಿ (8).
- ತೋಡಿ: ರಿಷಭ, ಗಾಂಧಾರ, ಧೈವತ ಕೋಮಲ, ಮಧ್ಯಮ ತೀವ್ರ. ಸಮಾನ ಮೇಳ: ಶುಭಪಂತುವರಾಳಿ (45).

ಹೆಸರು ಒಂದೇ ಆಗಿದ್ದರೂ ಎರಡು ಪದ್ಧತಿಗಳ ತೋಡಿ ಬೇರೆ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕರ್ನಾಟಕ ಸಂಗೀತದ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿ ಥಾಟ್‌ಗೆ ಹೊಂದುತ್ತವೆ.

ಥಾಟ್ ಎಂಬುದು ಹಾಡುವ ವಸ್ತುವಲ್ಲ. ಅದು ಸ್ವರಗಳ ಚೌಕಟ್ಟು ಮಾತ್ರ. ಅದಕ್ಕೆ ಆರೋಹ ಸಾಕು, ಅವರೋಹ ಬೇಕಿಲ್ಲ, ರಂಜಕತೆಯೂ ಬೇಕಿಲ್ಲ. ರಾಗಕ್ಕೆ ಇವೆಲ್ಲವೂ ಬೇಕು.

ರಾಗದ ನಿಯಮಗಳು

ಭಾತಖಂಡೆಯವರು ನಿರೂಪಿಸಿದ ರಾಗ ನಿಯಮಗಳು ಇಂದಿಗೂ ಪ್ರಾರಂಭಿಕ ಪಠ್ಯಗಳ ಮೊದಲ ಪಾಠಗಳಾಗಿವೆ. ರಾಗದಲ್ಲಿ ಕನಿಷ್ಠ ಐದು ಸ್ವರಗಳಿರಬೇಕು. ಷಡ್ಜವನ್ನು ಎಂದಿಗೂ ಬಿಡುವಂತಿಲ್ಲ. ಮಧ್ಯಮ ಮತ್ತು ಪಂಚಮ ಎರಡನ್ನೂ ಒಟ್ಟಿಗೆ ಬಿಡುವಂತಿಲ್ಲ. ಐದು ಸ್ವರಗಳದ್ದು ಔಡವ, ಆರು ಸ್ವರಗಳದ್ದು ಷಾಡವ, ಏಳು ಸ್ವರಗಳದ್ದು ಸಂಪೂರ್ಣ. ಆರೋಹ ಮತ್ತು ಅವರೋಹಗಳಲ್ಲಿ ಈ ಮೂರನ್ನು ಬೇರೆ ಬೇರೆಯಾಗಿ ಜೋಡಿಸಿದರೆ ಒಂಬತ್ತು ಜಾತಿಗಳಾಗುತ್ತವೆ. ಷಡ್ಜವನ್ನು ಉಳಿಸಿಕೊಂಡು ಲೆಕ್ಕ ಹಾಕಿದರೆ ಒಂದು ಥಾಟ್‌ನಿಂದ ಗಣಿತದ ಪ್ರಕಾರ 484 ಜೋಡಣೆಗಳು ಸಾಧ್ಯ. ಇವುಗಳಲ್ಲಿ ರಾಗವಾಗಿ ಬಳಕೆಗೆ ಬಂದವು ಕೆಲವೇ.

ಸ್ವರಗಳು ಒಂದೇ ಆಗಿದ್ದರೂ ರಾಗ ಬೇರೆಯಾಗುವುದು ಹೇಗೆ ಎಂಬುದನ್ನು ವಾದಿ ಮತ್ತು ಸಂವಾದಿ ಸ್ವರಗಳ ಮೂಲಕ ಅವರು ವಿವರಿಸಿದರು. ರಾಗದಲ್ಲಿ ಅತ್ಯಂತ ಪ್ರಮುಖವಾದ ಸ್ವರ ವಾದಿ. ಅದರ ನಂತರದ ಸ್ಥಾನ ಸಂವಾದಿಗೆ. ಉದಾಹರಣೆಗೆ ಭೂಪಾಲಿ ಮತ್ತು ದೇಶಕಾರ್ ರಾಗಗಳೆರಡರಲ್ಲಿಯೂ ಷಡ್ಜ, ರಿಷಭ, ಗಾಂಧಾರ, ಪಂಚಮ, ಧೈವತ ಎಂಬ ಐದು ಶುದ್ಧ ಸ್ವರಗಳಿವೆ. ಭೂಪಾಲಿಯಲ್ಲಿ ಗಾಂಧಾರ ವಾದಿ, ಧೈವತ ಸಂವಾದಿ. ದೇಶಕಾರ್‌ನಲ್ಲಿ ಧೈವತ ವಾದಿ, ಗಾಂಧಾರ ಸಂವಾದಿ. ಮೊದಲನೆಯದು ಕಲ್ಯಾಣ್ ಥಾಟ್‌ಗೆ ಸೇರಿದ ಸಂಜೆಯ ರಾಗ. ಎರಡನೆಯದು ಬಿಲಾವಲ್ ಥಾಟ್‌ಗೆ ಸೇರಿದ ಬೆಳಗಿನ ರಾಗ.

ರಾಗಗಳ ಸಮಯ

ರಾಗಗಳನ್ನು ನಿರ್ದಿಷ್ಟ ಹೊತ್ತಿನಲ್ಲಿ ಹಾಡುವ ಸಂಪ್ರದಾಯ ಹಳೆಯದು. ಅದಕ್ಕೆ ಸ್ವರಗಳ ಆಧಾರದ ನಿಯಮಗಳನ್ನು ಹೇಳಿದವರು ಭಾತಖಂಡೆಯವರು. ಅವರ ಪ್ರಕಾರ ರಾಗಗಳಲ್ಲಿ ಮೂರು ವರ್ಗಗಳಿವೆ. ಕೋಮಲ ರಿಷಭವಿರುವ ಸಂಧಿಪ್ರಕಾಶ ರಾಗಗಳನ್ನು ಸೂರ್ಯೋದಯ ಮತ್ತು ಸೂರ್ಯಾಸ್ತಗಳ ವೇಳೆಯಲ್ಲಿ ಹಾಡಬೇಕು. ಅನಂತರ ಶುದ್ಧ ರಿಷಭ ಮತ್ತು ಶುದ್ಧ ಧೈವತಗಳಿರುವ ರಾಗಗಳು, ಅವುಗಳ ನಂತರ ಕೋಮಲ ಗಾಂಧಾರ ಮತ್ತು ಕೋಮಲ ನಿಷಾದಗಳಿರುವ ರಾಗಗಳು ಬರುತ್ತವೆ. ಹಗಲಿನಲ್ಲಿ ಒಮ್ಮೆ, ರಾತ್ರಿಯಲ್ಲಿ ಒಮ್ಮೆ ಈ ಚಕ್ರ ನಡೆಯುತ್ತದೆ.

ವಾದಿಸ್ವರವು ಸಪ್ತಕದ ಪೂರ್ವಾಂಗದಲ್ಲಿದ್ದರೆ ಆ ರಾಗ ಮಧ್ಯಾಹ್ನದಿಂದ ಮಧ್ಯರಾತ್ರಿಯವರೆಗಿನದು. ಉತ್ತರಾಂಗದಲ್ಲಿದ್ದರೆ ಮಧ್ಯರಾತ್ರಿಯಿಂದ ಮಧ್ಯಾಹ್ನದವರೆಗಿನದು. ಶುದ್ಧ ಮಧ್ಯಮವು ಬೆಳಗನ್ನೂ ತೀವ್ರ ಮಧ್ಯಮವು ಸಂಜೆಯನ್ನೂ ಸೂಚಿಸುವುದರಿಂದ ಮಧ್ಯಮಕ್ಕೆ ಅಧ್ವದರ್ಶಕ ಸ್ವರ, ಅಂದರೆ ದಾರಿ ತೋರಿಸುವ ಸ್ವರ ಎಂದು ಹೆಸರು. ಭೈರವ್ ಮುಂಜಾವಿಗೂ ಪೂರ್ವಿ ಮುಸ್ಸಂಜೆಗೂ ಸಲ್ಲುವುದು ಇದಕ್ಕೆ ಉದಾಹರಣೆ. ಈ ನಿಯಮಗಳಿಗೆ ಅನೇಕ ಅಪವಾದಗಳಿವೆ.

ಸ್ವರಲಿಪಿ ಪದ್ಧತಿ

ಭಾತಖಂಡೆ ಸ್ವರಲಿಪಿಯ ಮುಖ್ಯ ಗುಣ ಸರಳತೆ. ಸಾಮಾನ್ಯ ಅಕ್ಷರಗಳಲ್ಲಿಯೇ ಬರೆಯಬಹುದಾದ ಮತ್ತು ಸುಲಭವಾಗಿ ಅಚ್ಚುಹಾಕಬಹುದಾದ ಈ ಲಿಪಿಯಲ್ಲಿ ಬಳಸುವ ಚಿಹ್ನೆಗಳು ಹೀಗಿವೆ:

- ಶುದ್ಧ ಸ್ವರಕ್ಕೆ ಯಾವ ಚಿಹ್ನೆಯೂ ಇಲ್ಲ. ಕೋಮಲ ಸ್ವರದ ಕೆಳಗೆ ಅಡ್ಡಗೆರೆ. ತೀವ್ರ ಮಧ್ಯಮದ ಮೇಲೆ ಲಂಬಗೆರೆ.
- ಮಧ್ಯ ಸಪ್ತಕಕ್ಕೆ ಚಿಹ್ನೆಯಿಲ್ಲ. ಮಂದ್ರ ಸಪ್ತಕದ ಸ್ವರದ ಕೆಳಗೆ ಚುಕ್ಕೆ. ತಾರ ಸಪ್ತಕದ ಸ್ವರದ ಮೇಲೆ ಚುಕ್ಕೆ.
- ಸ್ವರವನ್ನು ಮುಂದಿನ ಮಾತ್ರೆಗೆ ಎಳೆಯಬೇಕಾದಲ್ಲಿ ಸಣ್ಣ ಅಡ್ಡಗೆರೆ. ಸಾಹಿತ್ಯದ ಅಕ್ಷರವನ್ನು ಎಳೆಯಬೇಕಾದಲ್ಲಿ ಅವಗ್ರಹ.
- ಒಂದೇ ಮಾತ್ರೆಯಲ್ಲಿ ಬರುವ ಹಲವು ಸ್ವರಗಳನ್ನು ಕೆಳಗಿನಿಂದ ಕಮಾನಿನ ಗೆರೆಯಿಂದ ಕೂಡಿಸಲಾಗುತ್ತದೆ.
- ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್‌ಗೆ ಸ್ವರಗಳ ಮೇಲೆ ಕಮಾನಿನ ಗೆರೆ. ಕಣಸ್ವರವನ್ನು ಮುಖ್ಯ ಸ್ವರದ ಮೇಲ್ಭಾಗದಲ್ಲಿ ಚಿಕ್ಕದಾಗಿ ಬರೆಯಲಾಗುತ್ತದೆ.
- ತಾಳದ ಸಮ್‌ಗೆ ಗುಣಾಕಾರದ ಚಿಹ್ನೆ, ಖಾಲಿಗೆ ಸೊನ್ನೆ, ಉಳಿದ ತಾಲಿಗಳಿಗೆ 2, 3 ಮುಂತಾದ ಅಂಕಿಗಳು. ವಿಭಾಗಗಳನ್ನು ಲಂಬಗೆರೆಗಳಿಂದ ಬೇರ್ಪಡಿಸಲಾಗುತ್ತದೆ.

ಉದಾಹರಣೆಗೆ 16 ಮಾತ್ರೆಗಳ ತೀನ್‌ತಾಲ್‌ನಲ್ಲಿ ತಲಾ ನಾಲ್ಕು ಮಾತ್ರೆಗಳ ನಾಲ್ಕು ವಿಭಾಗಗಳಿವೆ. 1ನೆಯ ಮಾತ್ರೆಯಲ್ಲಿ ಸಮ್, 5ನೆಯದರಲ್ಲಿ ಎರಡನೆಯ ತಾಲಿ, 9ನೆಯದರಲ್ಲಿ ಖಾಲಿ, 13ನೆಯದರಲ್ಲಿ ಮೂರನೆಯ ತಾಲಿ ಬರುತ್ತದೆ. ಸ್ವರಗಳು ಮೇಲಿನ ಸಾಲಿನಲ್ಲಿ, ಸಾಹಿತ್ಯ ಅದರ ಕೆಳಗೆ, ತಾಳದ ಚಿಹ್ನೆಗಳು ಅವುಗಳ ಕೆಳಗೆ ಇರುವುದರಿಂದ ಯಾವ ಅಕ್ಷರ ಯಾವ ಮಾತ್ರೆಯಲ್ಲಿ ಬೀಳುತ್ತದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇದೇ ಕಾಲದಲ್ಲಿ ವಿಷ್ಣು ದಿಗಂಬರ ಪಲುಸ್ಕರ್ (1872–1931) ಅವರೂ ಒಂದು ಸ್ವರಲಿಪಿಯನ್ನು ರೂಪಿಸಿದ್ದರು. ಮಾತ್ರೆಯ ಸೂಕ್ಷ್ಮ ಭಾಗಗಳಿಗೆ ಅದರಲ್ಲಿ ಪ್ರತ್ಯೇಕ ಚಿಹ್ನೆಗಳಿವೆ. ಬರೆಯಲು ಮತ್ತು ಓದಲು ಸುಲಭವಾದ ಕಾರಣ ಭಾತಖಂಡೆ ಲಿಪಿ ಹೆಚ್ಚು ಪ್ರಚಾರಕ್ಕೆ ಬಂದಿತು. ಸ್ವರಲಿಪಿಯು ರಚನೆಯ ಅಸ್ಥಿಪಂಜರವನ್ನು ಉಳಿಸಬಲ್ಲದು. ರಾಗದ ಉಚ್ಚಾರ, ಸ್ವರದ ಲಗಾವ್ ಮೊದಲಾದವುಗಳನ್ನು ಗುರುಮುಖದಿಂದಲೇ ಕಲಿಯಬೇಕಾಗುತ್ತದೆ.

ಸಂಗೀತ ಸಮ್ಮೇಳನಗಳು

ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1916ರಲ್ಲಿ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ನಡೆಯಿತು. ಇದರ ಸಂಘಟನೆಯಲ್ಲಿ ಭಾತಖಂಡೆಯವರು ಪ್ರಮುಖ ಪಾತ್ರ ವಹಿಸಿದರು. ಬೇರೆ ಬೇರೆ ಘರಾನೆಗಳ ಗಾಯಕರು ಮತ್ತು ವಿದ್ವಾಂಸರು ಒಂದೇ ವೇದಿಕೆಯಲ್ಲಿ ಕುಳಿತು ರಾಗಗಳ ರೂಪವನ್ನು ಚರ್ಚಿಸಿ ಒಮ್ಮತಕ್ಕೆ ಬರಬೇಕೆಂಬುದು ಅವರ ಆಶಯವಾಗಿತ್ತು.

ಈ ಸಮ್ಮೇಳನದಲ್ಲಿ ಶ್ರುತಿಗಳ ಪ್ರಶ್ನೆ ದೊಡ್ಡ ವಿವಾದವಾಯಿತು. ಸಾಂಗ್ಲಿಯ ಕೆ. ಬಿ. ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಇ. ಕ್ಲೆಮೆಂಟ್ಸ್ ಅವರು 22 ಶ್ರುತಿಗಳನ್ನು ನುಡಿಸಬಲ್ಲ ಹಾರ್ಮೋನಿಯಂ ಒಂದನ್ನು ಸಿದ್ಧಪಡಿಸಿದ್ದರು. ಪ್ರತಿ ರಾಗದ ಶ್ರುತಿಗಳನ್ನು ಗಣಿತದಿಂದ ನಿಗದಿಪಡಿಸಬಹುದು ಎಂಬುದು ಅವರ ವಾದ. ಭಾತಖಂಡೆಯವರು ಇದನ್ನು ಒಪ್ಪಲಿಲ್ಲ. ರಾಗದ ವರ್ಗೀಕರಣಕ್ಕೆ ಮತ್ತು ಶಿಕ್ಷಣಕ್ಕೆ 12 ಸ್ವರಗಳೇ ಸಾಕು ಎಂಬುದು ಅವರ ನಿಲುವಾಗಿತ್ತು.

ಎರಡನೆಯ ಸಮ್ಮೇಳನ 1918ರಲ್ಲಿ ದೆಹಲಿಯಲ್ಲಿ, ಮೂರನೆಯದು 1919ರಲ್ಲಿ ಬನಾರಸಿನಲ್ಲಿ ನಡೆದವು. 1920ರ ದಶಕದ ಮಧ್ಯಭಾಗದಲ್ಲಿ ನಾಲ್ಕನೆಯ ಮತ್ತು ಐದನೆಯ ಸಮ್ಮೇಳನಗಳು ಲಖನೌದಲ್ಲಿ ಜರುಗಿದವು. ಸಂಗೀತಕ್ಕೆ ರಾಷ್ಟ್ರೀಯ ಅಕಾಡೆಮಿಯೊಂದನ್ನು ಸ್ಥಾಪಿಸಬೇಕೆಂಬ ಸಮ್ಮೇಳನಗಳ ಯೋಜನೆ ಅವರ ಜೀವಿತಕಾಲದಲ್ಲಿ ಕೈಗೂಡಲಿಲ್ಲ.

ಸಂಗೀತ ವಿದ್ಯಾಲಯಗಳು

ಸಂಗೀತವನ್ನು ಇತರ ವಿಷಯಗಳಂತೆ ತರಗತಿಯಲ್ಲಿ ಪಠ್ಯಕ್ರಮ ಮತ್ತು ಪರೀಕ್ಷೆಗಳ ಮೂಲಕ ಕಲಿಸಬಹುದು ಎಂದು ಭಾತಖಂಡೆಯವರು ನಂಬಿದ್ದರು. ಬರೋಡಾದಲ್ಲಿ ಮೌಲಾ ಬಕ್ಷ್ ಅವರು 1886ರಲ್ಲಿ ಆರಂಭಿಸಿದ್ದ ಸಂಗೀತ ಶಾಲೆಯ ಪುನರ್ವ್ಯವಸ್ಥೆಗೆ ಅವರು ನೆರವಾದರು. ಮಹಾರಾಜ ಮಾಧವರಾವ್ ಸಿಂಧಿಯಾ ಅವರ ಬೆಂಬಲದಿಂದ 1918ರಲ್ಲಿ ಗ್ವಾಲಿಯರ್‌ನಲ್ಲಿ ಮಾಧವ ಸಂಗೀತ ವಿದ್ಯಾಲಯ ಆರಂಭವಾಯಿತು.

1926ರಲ್ಲಿ ಲಖನೌದಲ್ಲಿ ಸ್ಥಾಪನೆಯಾದ ಸಂಗೀತ ಕಾಲೇಜು ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು. ರಾಯ್ ಉಮಾನಾಥ್ ಬಲಿ ಮತ್ತು ಸಂಯುಕ್ತ ಪ್ರಾಂತದ ಶಿಕ್ಷಣ ಸಚಿವರಾಗಿದ್ದ ರಾಯ್ ರಾಜೇಶ್ವರ್ ಬಲಿ ಅವರು ಇದಕ್ಕೆ ನೆರವಾದರು. ಪ್ರಾಂತದ ಗವರ್ನರ್ ಆಗಿದ್ದ ಸರ್ ವಿಲಿಯಂ ಮ್ಯಾರಿಸ್ ಅವರ ಹೆಸರಿನಲ್ಲಿ ಇದು ಮ್ಯಾರಿಸ್ ಕಾಲೇಜು ಎಂದು ಕರೆಯಲ್ಪಟ್ಟಿತು. ಸ್ವಾತಂತ್ರ್ಯಾನಂತರ ಇದಕ್ಕೆ ಭಾತಖಂಡೆಯವರ ಹೆಸರನ್ನು ಇಡಲಾಯಿತು. ಇಂದು ಇದು ವಿಶ್ವವಿದ್ಯಾಲಯವಾಗಿ ಬೆಳೆದಿದೆ.

ಶಿಷ್ಯ ಪರಂಪರೆ

ಶ್ರೀಕೃಷ್ಣ ನಾರಾಯಣ ರತಂಜನಕರ್ ಅವರು ಭಾತಖಂಡೆಯವರ ಪ್ರಮುಖ ಶಿಷ್ಯರು. ಬರೋಡಾದಲ್ಲಿ ಆಗ್ರಾ ಘರಾನೆಯ ಉಸ್ತಾದ್ ಫೈಯಾಜ್ ಖಾನರಲ್ಲಿಯೂ ಕಲಿತ ರತಂಜನಕರ್, 1928ರಿಂದ ಲಖನೌ ಕಾಲೇಜಿನ ಪ್ರಾಂಶುಪಾಲರಾಗಿ ದೀರ್ಘಕಾಲ ದುಡಿದರು. ಗುರುವಿನ ಶಾಸ್ತ್ರಜ್ಞಾನ ಮತ್ತು ಘರಾನೆಯ ಗಾಯಕಿ ಇವೆರಡೂ ಅವರಲ್ಲಿ ಕೂಡಿಬಂದಿದ್ದವು. ದಿಲೀಪ್ ಕುಮಾರ್ ರಾಯ್ ಮೊದಲಾದವರೂ ಭಾತಖಂಡೆಯವರ ಪ್ರಭಾವಕ್ಕೆ ಒಳಗಾದರು.

ಕರ್ನಾಟಕದೊಂದಿಗಿನ ನಂಟು

ಭಾತಖಂಡೆಯವರ ಶಾಸ್ತ್ರಕ್ಕೆ ಆಧಾರವಾದ ಗ್ರಂಥಗಳಲ್ಲಿ ಹಲವು ಕನ್ನಡ ನಾಡಿನೊಡನೆ ಸಂಬಂಧ ಹೊಂದಿವೆ. ರಾಮಾಮಾತ್ಯನು ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ 1550ರಲ್ಲಿ ಸ್ವರಮೇಳಕಲಾನಿಧಿಯನ್ನು ರಚಿಸಿದನು. ವೆಂಕಟಮಖಿಯು ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ, ಕನ್ನಡ ಮೂಲದ ಗೋವಿಂದ ದೀಕ್ಷಿತನ ಮಗ. ಸದ್ರಾಗಚಂದ್ರೋದಯ, ರಾಗಮಾಲಾ, ರಾಗಮಂಜರೀ ಗ್ರಂಥಗಳನ್ನು ರಚಿಸಿದ ಪುಂಡರೀಕ ವಿಠ್ಠಲನು ಶಿವಗಂಗೆಯ ಸಮೀಪದ ಸಾತನೂರಿನವನು. ಉತ್ತರಕ್ಕೆ ಹೋಗಿ ಅಲ್ಲಿನ ಆಸ್ಥಾನಗಳಲ್ಲಿ ಆಶ್ರಯ ಪಡೆದು ಆ ಪ್ರದೇಶದ ಸಂಗೀತವನ್ನು ಶಾಸ್ತ್ರಕ್ಕೆ ಅಳವಡಿಸಿದನು. ಈ ಮೂವರ ಗ್ರಂಥಗಳನ್ನೂ ಭಾತಖಂಡೆಯವರು ತಮ್ಮ ತುಲನಾತ್ಮಕ ಅಧ್ಯಯನದಲ್ಲಿ ಪರಿಶೀಲಿಸಿದ್ದಾರೆ.

ಅವರ ಪರಂಪರೆಯನ್ನು ಮುಂದುವರಿಸಿದವರಲ್ಲಿಯೂ ಕರ್ನಾಟಕದವರಿದ್ದಾರೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ಜನಿಸಿದ ಕೆ. ಜಿ. ಗಿಂಡೆ ಮತ್ತು ಬೆಂಗಳೂರಿನಲ್ಲಿ ಜನಿಸಿದ ಚಿದಾನಂದ ನಗರಕರ್ ಅವರು ಲಖನೌದಲ್ಲಿ ರತಂಜನಕರ್ ಅವರ ಶಿಷ್ಯರಾಗಿ ಕಲಿತು ಪ್ರಸಿದ್ಧ ಗಾಯಕರೂ ಗುರುಗಳೂ ಆದರು. ಕನ್ನಡದ ಹಿಂದೂಸ್ತಾನಿ ಸಂಗೀತ ಪಠ್ಯಗಳಲ್ಲಿಯೂ ಹತ್ತು ಥಾಟ್‌ಗಳ ವರ್ಗೀಕರಣ ಬಳಕೆಯಲ್ಲಿದೆ.

ವಿಮರ್ಶೆ

ಭಾತಖಂಡೆಯವರ ಕಾರ್ಯವು ಅವರ ಕಾಲದಿಂದಲೂ ವಿಮರ್ಶೆಗೆ ಒಳಗಾಗಿದೆ. ಹತ್ತು ಥಾಟ್‌ಗಳಲ್ಲಿ ಎಲ್ಲ ರಾಗಗಳೂ ಅಡಕವಾಗುವುದಿಲ್ಲ ಎಂಬುದು ಮುಖ್ಯ ಆಕ್ಷೇಪ. ಕೋಮಲ ಗಾಂಧಾರ ಮತ್ತು ತೀವ್ರ ಮಧ್ಯಮಗಳಿದ್ದು ಉಳಿದವು ಶುದ್ಧವಾಗಿರುವ ಮಧುವಂತಿಗೆ, ಕರ್ನಾಟಕ ಸಂಗೀತದಿಂದ ಬಂದ ಚಾರುಕೇಶಿ ಮತ್ತು ಕೀರವಾಣಿಗಳಿಗೆ ಇಲ್ಲಿ ಸರಿಯಾದ ಸ್ಥಾನವಿಲ್ಲ. ಎರಡು ಮಧ್ಯಮಗಳನ್ನು ಒಂದರ ಪಕ್ಕ ಒಂದರಂತೆ ಬಳಸುವ ಲಲಿತ್ ರಾಗಕ್ಕೆ ಯಾವ ಥಾಟ್ ಕೂಡ ಪೂರ್ಣವಾಗಿ ಒಪ್ಪುವುದಿಲ್ಲ. ರಾಗದ ಚಲನೆಗಿಂತ ಸ್ವರಗಳ ಪಟ್ಟಿಗೆ ಪ್ರಾಮುಖ್ಯ ದೊರೆತಿದೆ ಎಂದೂ ಕೆಲವರು ಹೇಳುತ್ತಾರೆ.

ವೃತ್ತಿಪರ ಉಸ್ತಾದರನ್ನು, ಅದರಲ್ಲಿಯೂ ಮುಸ್ಲಿಂ ಕಲಾವಿದರನ್ನು, ಶಾಸ್ತ್ರಜ್ಞಾನವಿಲ್ಲದವರೆಂದು ಅವರು ಬಿಂಬಿಸಿದರು ಎಂಬುದು ಈಚಿನ ಇತಿಹಾಸಕಾರರ ಆಕ್ಷೇಪ. ಅವರ ಸಂಗ್ರಹದ ಬಹುಭಾಗ ಅದೇ ಉಸ್ತಾದರಿಂದ ದೊರೆತದ್ದು ಎಂಬುದನ್ನು ಈ ಇತಿಹಾಸಕಾರರು ನೆನಪಿಸುತ್ತಾರೆ. ತರಗತಿಯ ಶಿಕ್ಷಣದಿಂದ ದೊಡ್ಡ ಕಲಾವಿದರು ಹುಟ್ಟುವುದಿಲ್ಲ ಎಂಬ ಟೀಕೆಯೂ ಇದೆ. ತಿಳಿವಳಿಕೆಯುಳ್ಳ ಕೇಳುಗರನ್ನೂ ಶಿಕ್ಷಕರನ್ನೂ ದೊಡ್ಡ ಸಂಖ್ಯೆಯಲ್ಲಿ ಸಿದ್ಧಪಡಿಸಿದ್ದು ವಿದ್ಯಾಲಯಗಳ ಸಾಧನೆ ಎಂಬುದು ಇದಕ್ಕೆ ಬೆಂಬಲಿಗರ ಉತ್ತರ. ಇಷ್ಟೆಲ್ಲ ಆಕ್ಷೇಪಗಳಿದ್ದರೂ ಥಾಟ್ ಪದ್ಧತಿಗೆ ಬದಲಾಗಿ ಅಷ್ಟೇ ವ್ಯಾಪಕವಾಗಿ ಸ್ವೀಕೃತವಾದ ಬೇರೊಂದು ವರ್ಗೀಕರಣ ಇನ್ನೂ ಬಂದಿಲ್ಲ.

ನಿಧನ ಮತ್ತು ಸ್ಮರಣೆ

1933ರಲ್ಲಿ ಭಾತಖಂಡೆಯವರು ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದರು. 1936ರ ಸೆಪ್ಟೆಂಬರ್ 19ರಂದು, ಗಣೇಶ ಚತುರ್ಥಿಯ ದಿನ, ಮುಂಬಯಿಯಲ್ಲಿ ನಿಧನರಾದರು. ಕ್ರಮಿಕ ಪುಸ್ತಕ ಮಾಲಿಕೆಯ ಉಳಿದ ಭಾಗಗಳನ್ನು ಪ್ರಕಟಿಸುವ ಕೆಲಸವನ್ನು ರತಂಜನಕರ್ ಮೊದಲಾದವರು ಪೂರೈಸಿದರು.

1961ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಹಿಂದೂಸ್ತಾನಿ ಸಂಗೀತದ ಪರೀಕ್ಷೆಗಳಿಗೆ ಸಿದ್ಧರಾಗುವ ವಿದ್ಯಾರ್ಥಿಗಳು ಇಂದಿಗೂ ಅವರ ಥಾಟ್‌ಗಳಿಂದಲೇ ಪಾಠವನ್ನು ಆರಂಭಿಸುತ್ತಾರೆ. ಒಂದು ಕಾಲದಲ್ಲಿ ಕೆಲವೇ ಮನೆತನಗಳ ಒಳಗಿದ್ದ ನೂರಾರು ಬಂದಿಶ್‌ಗಳು ಅವರ ಪುಸ್ತಕಗಳ ಮೂಲಕ ಯಾರು ಬೇಕಾದರೂ ಕಲಿಯಬಹುದಾದ ಸ್ವತ್ತಾಗಿವೆ.